ಮೊದಲು ಸದಸ್ಯರು, ಆಮೇಲೆ ಮಳಿಗೆ: ಸಹಕಾರಿ ದಿನಸಿ ಅಂಗಡಿ ಕಟ್ಟುವ ಬಗೆ

ಸಹಕಾರಿ ದಿನಸಿ ಅಂಗಡಿ ತೆರೆಯುವ ಆಸೆಯಿಂದ ಹೊರಟ ಅನೇಕರು ಮೊದಲು ಮಳಿಗೆ ನೋಡಲು ಹೋಗುತ್ತಾರೆ. ಬಾಡಿಗೆ ಕರಾರಿಗೆ ಸಹಿ ಬಿದ್ದ ದಿನದಿಂದಲೇ ಖರ್ಚು ಶುರುವಾಗುತ್ತದೆ, ಕೊಳ್ಳುವವರು ಮಾತ್ರ ಇನ್ನೂ ಒಟ್ಟಾಗಿರುವುದಿಲ್ಲ. ಕಪಾಟು ತುಂಬಿಸಿದ ಮೇಲೆ ಸದಸ್ಯರನ್ನು ಹುಡುಕತೊಡಗಿದರೆ ಅಂಗಡಿ ಉಳಿಯುವುದು ಕಷ್ಟ. ಆದ್ದರಿಂದ ಈ ಲೇಖನದಲ್ಲಿ ಮಳಿಗೆಯ ಮಾತು ತಡವಾಗಿಯೇ ಬರುತ್ತದೆ. ಜನರನ್ನು ಕೂಡಿಸುವುದು, ಒಟ್ಟಿಗೆ ಕೊಂಡು ಹಂಚಿಕೊಳ್ಳುವುದನ್ನು ರೂಢಿಸಿಕೊಳ್ಳುವುದು, ಲೆಕ್ಕ ಹಾಕುವುದು, ನಿಯಮ ಬರೆಯುವುದು, ಇವೆಲ್ಲ ಅದಕ್ಕೂ ಮುಂಚಿನ ಕೆಲಸ.

ಇಂಥ ಅಂಗಡಿಗೆ ಅಲ್ಲಿ ಸಾಮಾನು ಕೊಳ್ಳುವವರೇ ಮಾಲೀಕರು. ಪ್ರತಿಯೊಬ್ಬರೂ ಷೇರು ಪಡೆಯುತ್ತಾರೆ. ಒಬ್ಬರ ಬಳಿ ಒಂದು ಷೇರು, ಇನ್ನೊಬ್ಬರ ಬಳಿ ಐವತ್ತು ಷೇರು ಇದ್ದರೂ ಇಬ್ಬರಿಗೂ ಮತ ಒಂದೊಂದೇ. ಆಡಳಿತ ಮಂಡಳಿಯನ್ನು ಆರಿಸುವವರು, ವರ್ಷದ ಕೊನೆಗೆ ಉಳಿದ ಹಣವನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಸದಸ್ಯರೇ.

ಈ ವ್ಯವಸ್ಥೆಗೆ ಗಟ್ಟಿ ರೂಪ ಕೊಟ್ಟವರು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರು ಮತ್ತು ಇತರ ದುಡಿಮೆಗಾರರು. ವಾರವಾರವೂ ಪೆನ್ನಿ ಪೆನ್ನಿ ಕೂಡಿಸಿ 28 ಪೌಂಡ್ ಬಂಡವಾಳ ಮಾಡಿಕೊಂಡು, 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅವರು ಅಂಗಡಿಯ ಬಾಗಿಲು ತೆರೆದರು. ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ ಬಿಟ್ಟರೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಮೊದಮೊದಲು ಅದು ತೆರೆದಿರುತ್ತಿದ್ದುದು ವಾರದಲ್ಲಿ ಎರಡು ಸಂಜೆ ಮಾತ್ರ. ಆದರೆ ಅವರ ನಿಯಮಗಳು ಬಿಗಿಯಾಗಿದ್ದವು: ಕಲಬೆರಕೆ ಇಲ್ಲದ ಸಾಮಾನು, ಸರಿಯಾದ ತೂಕ, ನಗದು ವ್ಯಾಪಾರ, ಸದಸ್ಯರಿಗೆ ತಲಾ ಒಂದು ಮತ, ಉಳಿದ ಹಣದಲ್ಲಿ ಕೊಂಡಷ್ಟಕ್ಕೆ ತಕ್ಕ ಪಾಲು. ಕಿರಾಣಿ ಅಂಗಡಿಗಳ ಹಿಟ್ಟಿನಲ್ಲಿ ಏನೇನೋ ಬೆರೆಯುತ್ತಿದ್ದ, ಉದ್ರಿಯ ಲೆಕ್ಕದಲ್ಲಿ ಬಡವರು ಸಿಕ್ಕಿಬೀಳುತ್ತಿದ್ದ ಕಾಲವದು. ಇಂದು ಹೊಸ ಅಂಗಡಿ ಕಟ್ಟುವವರೂ ಅವರಂತೆ ಕಡಿಮೆ ಸಾಮಾನು, ಕಡಿಮೆ ಹೊತ್ತು, ಗಟ್ಟಿ ನಿಯಮ ಇಟ್ಟುಕೊಂಡೇ ಶುರುಮಾಡುವುದು ಒಳ್ಳೆಯದು.

ಹತ್ತು ಜನರಿಂದ ಶುರು

ಮೊದಲು ಎಂಟು ಹತ್ತು ಜನರ ಪ್ರಾರಂಭಿಕ ಸಮಿತಿ ಬೇಕು. ಉತ್ಸಾಹಿಗಳು ಬೇಗ ಸಿಗುತ್ತಾರೆ. ಲೆಕ್ಕ ಬರೆಯಬಲ್ಲವರು, ದಾಸ್ತಾನು ನೋಡಿಕೊಂಡ ಅನುಭವ ಇರುವವರು, ಕಾನೂನು ತಿಳಿದವರು, ಮನೆಮನೆಗೆ ಹೋಗಿ ಮಾತನಾಡಬಲ್ಲವರು ತಲಾ ಒಬ್ಬರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳಿ. ಸಮಿತಿಯ ಮೊದಲ ಕೆಲಸ ಕೇಳಿಸಿಕೊಳ್ಳುವುದು. ಜನ ಈಗ ದಿನಸಿ ಎಲ್ಲಿ ಕೊಳ್ಳುತ್ತಾರೆ, ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಾರೆ, ಅವರ ಕೊರಗು ಬೆಲೆಯದೋ ಗುಣಮಟ್ಟದ್ದೋ ದೂರದ್ದೋ? ‘ಸಹಕಾರಿ ಅಂಗಡಿ ಬಂದರೆ ಕೊಳ್ಳುತ್ತೀರಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಆ ಹೂಂ ಅನ್ನು ನಂಬಿ ಲೆಕ್ಕ ಹಾಕಬೇಡಿ. ಷೇರಿನ ಮುಂಗಡವಾಗಿ ಒಂದು ಸಣ್ಣ ಮೊತ್ತ ಕೊಟ್ಟು, ಅಂಗಡಿ ಆಗದಿದ್ದರೆ ಹಿಂದಿರುಗಿಸುತ್ತೇವೆ ಎಂಬ ರಸೀದಿ ಪಡೆದವರನ್ನು ಮಾತ್ರ ಎಣಿಸಿ. ಆ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಿ. ಸಮಿತಿಯ ಓಡಾಟದ ಖರ್ಚಿಗೆ ಅದನ್ನು ಮುಟ್ಟಲೇಬಾರದು.

ಅಂಗಡಿಗೆ ಮುಂಚೆ ಖರೀದಿ ಗುಂಪು

ನನ್ನ ದೃಷ್ಟಿಯಲ್ಲಿ ಬಿಡಲೇಬಾರದ ಹಂತವಿದು. ಇಪ್ಪತ್ತು ಮೂವತ್ತು ಮನೆಯವರು ಸೇರಿ, ಮುಂಗಡ ಹಣ ಕೊಟ್ಟು, ಕೆಡದ ಕೆಲವೇ ಪದಾರ್ಥಗಳನ್ನು ಸಗಟಾಗಿ ತರಿಸಿ, ಗೊತ್ತಾದ ದಿನ ಒಂದೆಡೆ ತೂಗಿ ಹಂಚಿಕೊಳ್ಳುವುದು. ಇದಕ್ಕೆ ಮಳಿಗೆ ಬೇಡ, ಉಳಿಕೆ ದಾಸ್ತಾನಿನ ಭಯವೂ ಇಲ್ಲ. ಹೇಳಿದ ಹೊತ್ತಿಗೆ ಯಾರು ಬರುತ್ತಾರೆ, ಯಾರ ಲೆಕ್ಕ ಅಚ್ಚುಕಟ್ಟು, ಯಾವ ಸರಬರಾಜುದಾರರ ಮಾತು ನಂಬಬಹುದು ಎಂಬುದೆಲ್ಲ ಆರು ತಿಂಗಳಲ್ಲಿ ಬಯಲಾಗುತ್ತದೆ.

ಜಪಾನಿನ ಸೈಕಾತ್ಸು ಕ್ಲಬ್ ಹುಟ್ಟಿದ್ದೇ ಹೀಗೆ. 1965ರಲ್ಲಿ ಟೋಕಿಯೋದ ಸೆತಗಾಯಾದಲ್ಲಿ ಗೃಹಿಣಿಯರು ಒಟ್ಟಾಗಿ ಹಾಲು ಕೊಳ್ಳತೊಡಗಿದರು. ಅದು ಗ್ರಾಹಕ ಸಹಕಾರ ಸಂಘದ ರೂಪ ಪಡೆದದ್ದು 1968ರಲ್ಲಿ. ಪ್ಯಾರಿಸ್‌ನ ಲಾ ಲೂವ್ ಎಂಬ ಸಹಕಾರಿ ಸೂಪರ್‌ಮಾರ್ಕೆಟ್ ಕೂಡ 2016ರಲ್ಲಿ ಬಾಗಿಲು ತೆರೆಯುವ ಮುನ್ನ ಖರೀದಿ ಗುಂಪಾಗಿ ನಡೆದಿತ್ತು.

ಕಾಗದದ ಮೇಲಿನ ಲೆಕ್ಕ

ಕೊಂಡ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರದಲ್ಲೇ ಬಾಡಿಗೆ, ಸಂಬಳ, ವಿದ್ಯುತ್, ಸಾಲದ ಕಂತು, ಕೆಟ್ಟುಹೋದ ತರಕಾರಿ ಎಲ್ಲವೂ ನೀಗಬೇಕು. ನೂರಕ್ಕೆ ಮಾರಿದ ಸಾಮಾನಿನಲ್ಲಿ ಈ ಅಂತರ ಇಪ್ಪತ್ತಾದರೆ, ತಿಂಗಳ ಖರ್ಚಿನ ಐದು ಪಟ್ಟು ವ್ಯಾಪಾರ ಆಗಬೇಕು. ಅಗ್ಗವಾಗಿ ಕೊಡೋಣವೆಂದು ಅಂತರವನ್ನು ಹತ್ತಕ್ಕೆ ಇಳಿಸಿದರೆ ಹತ್ತು ಪಟ್ಟು ಬೇಕಾಗುತ್ತದೆ.

ಲೆಕ್ಕ ಸುಲಭವಾಗಲೆಂದು ಒಂದು ಮನೆಯ ತಿಂಗಳ ದಿನಸಿ ಖರ್ಚನ್ನು 100 ಎಂದಿಟ್ಟುಕೊಳ್ಳಿ. ಅಂಗಡಿಯ ತಿಂಗಳ ಖರ್ಚು 3,200. ಅಂತರ ಶೇ 20 ಇದ್ದರೆ 16,000ದ ವ್ಯಾಪಾರ ಬೇಕು. ಪ್ರತಿ ಮನೆಯೂ ತನ್ನ ಖರೀದಿಯಲ್ಲಿ 40ರಷ್ಟನ್ನು ಮಾತ್ರ ಇಲ್ಲಿ ಮಾಡಿದರೆ 400 ಮನೆಗಳು ಸೇರಬೇಕು. ಅದೇ 80ರಷ್ಟನ್ನು ಇಲ್ಲೇ ಕೊಂಡರೆ 200 ಮನೆಗಳು ಸಾಕು. ಷೇರು ಪಡೆದು ಆ ಕಡೆ ತಲೆ ಹಾಕದ ಸದಸ್ಯರಿಂದ ಅಂಗಡಿಗೆ ಎಷ್ಟು ನಷ್ಟವೆಂದು ಇದರಿಂದಲೇ ಊಹಿಸಬಹುದು. ಈ ಲೆಕ್ಕವನ್ನು ಸಮಿತಿಯ ಕಡತದಲ್ಲಿ ಮುಚ್ಚಿಡದೆ ಮೊದಲ ಸಭೆಯಲ್ಲೇ ಎಲ್ಲರಿಗೂ ತೋರಿಸಿ.

ಆರಂಭದ ತಿಂಗಳುಗಳಲ್ಲಿ ವ್ಯಾಪಾರ ಈ ಮಟ್ಟ ಮುಟ್ಟುವುದಿಲ್ಲ. ಆ ಕೊರತೆ ತುಂಬಲು ದುಡಿಯುವ ಬಂಡವಾಳ, ಅಂದರೆ ದಿನದಿನದ ಖರ್ಚಿಗೂ ದಾಸ್ತಾನಿಗೂ ಬೇಕಾದ ಹಣ, ಬೇರೆಯೇ ಇರಬೇಕು. ಕಪಾಟು, ತಂಪುಪೆಟ್ಟಿಗೆ, ತಕ್ಕಡಿಗೆಂದು ಇದ್ದ ಹಣವನ್ನೆಲ್ಲ ಸುರಿದುಬಿಟ್ಟರೆ ಎರಡನೆಯ ಸಲ ದಾಸ್ತಾನು ತರಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಉಪವಿಧಿ, ನೋಂದಣಿ, ಷೇರು

ಸಂಘದ ಉಪವಿಧಿಗಳನ್ನು, ಅಂದರೆ ಸಂಘ ನಡೆಸುವ ಒಳನಿಯಮಗಳನ್ನು, ಬೇರೆಡೆಯಿಂದ ನಕಲು ಮಾಡುವ ಆಸೆ ಬೇಡ. ಸದಸ್ಯತ್ವ ಯಾರಿಗೆ, ಷೇರಿನ ಮುಖಬೆಲೆ ಎಷ್ಟು, ಸಂಘ ಬಿಡುವವರಿಗೆ ಷೇರು ಹಣ ಯಾವಾಗ ವಾಪಸು, ಆಡಳಿತ ಮಂಡಳಿಯ ಅವಧಿ ಎಷ್ಟು, ಸಭೆಗೆ ಕೋರಂ (ಕನಿಷ್ಠ ಹಾಜರಾತಿ) ಎಷ್ಟು, ನಿರ್ದೇಶಕರ ನೆಂಟರಿಂದ ಸಾಮಾನು ಕೊಳ್ಳಬಹುದೇ, ಸಂಘ ಮುಚ್ಚಿದರೆ ಆಸ್ತಿ ಯಾರಿಗೆ ಎಂಬ ಪ್ರಶ್ನೆಗಳಿಗೆ ಎಲ್ಲರೂ ಕುಳಿತು ಉತ್ತರ ಬರೆಯಬೇಕು. ಜಗಳ ಬಂದ ದಿನ ನೆರವಿಗೆ ಬರುವುದು ಈ ಬರಹವೇ. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಒಪ್ಪಿಕೊಂಡ ಏಳು ತತ್ವಗಳನ್ನು ಪಕ್ಕದಲ್ಲಿಟ್ಟುಕೊಂಡು ಬರೆದರೆ ಅನುಕೂಲ. ಕರಡು ಸಿದ್ಧವಾದ ಮೇಲೆ ನಿಮ್ಮಲ್ಲಿ ಜಾರಿಯಲ್ಲಿರುವ ಸಹಕಾರ ಕಾಯ್ದೆ ಬಲ್ಲ ವಕೀಲರಿಗೆ ತೋರಿಸಿ, ಆಮೇಲೆ ನೋಂದಣಿ ಮಾಡಿಸಿ. ಆಹಾರ ಮಾರಾಟದ ಪರವಾನಗಿ, ತೂಕ ಮತ್ತು ಅಳತೆಯ ಮುದ್ರೆ, ತೆರಿಗೆ ನೋಂದಣಿ ಇವು ಪ್ರತ್ಯೇಕ.

ಷೇರಿನ ಬೆಲೆ ಬಡವರನ್ನು ಹೊರಗಿಡಬಾರದು. ಲಾ ಲೂವ್‌ನಲ್ಲಿ ಸದಸ್ಯರಾಗಲು 100 ಯೂರೋ ಕೊಡಬೇಕು, ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಅದು 10 ಯೂರೋ. ಕಂತಿನಲ್ಲಿ ಕಟ್ಟುವ ಅವಕಾಶವೂ ಒಳ್ಳೆಯ ದಾರಿ.

ಈಗ ಮಳಿಗೆ

ಸದಸ್ಯರ ಸಂಖ್ಯೆ ಲೆಕ್ಕದ ಹತ್ತಿರ ಬಂದಾಗ ಮಳಿಗೆ ನೋಡಿ. ಸದಸ್ಯರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಎಲ್ಲಿ ಬೇಕೆಂದು ತಾನಾಗಿ ತಿಳಿಯುತ್ತದೆ. ವ್ಯವಸ್ಥಾಪಕರಾಗಿ ದಿನಸಿ ವ್ಯಾಪಾರ ಬಲ್ಲವರನ್ನು ಸಂಬಳ ಕೊಟ್ಟು ನೇಮಿಸಿ. ಈ ಒಂದು ಹುದ್ದೆಯಲ್ಲಿ ಉಳಿತಾಯ ಮಾಡಲು ಹೋಗಬಾರದು. ಆಡಳಿತ ಮಂಡಳಿ ನೀತಿ, ಬಜೆಟ್, ಲೆಕ್ಕಪರಿಶೋಧನೆ ನೋಡಿಕೊಳ್ಳಲಿ. ಯಾವ ಬ್ರಾಂಡಿನ ಸಾಬೂನು ಎಲ್ಲಿಡಬೇಕು ಎಂಬುದನ್ನು ವ್ಯವಸ್ಥಾಪಕರಿಗೇ ಬಿಡಲಿ.

ಸದಸ್ಯರ ದುಡಿಮೆಯಿಂದಲೇ ಖರ್ಚು ತಗ್ಗಿಸುವ ಮಾದರಿಯೂ ಉಂಟು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1973ರಲ್ಲಿ ಶುರುವಾದ ಪಾರ್ಕ್ ಸ್ಲೋಪ್ ಸಹಕಾರಿ ಅಂಗಡಿಯಲ್ಲಿ ಸದಸ್ಯರಿಗೆ ಮಾತ್ರ ಖರೀದಿ. ಸದಸ್ಯರು ಸರದಿಯಂತೆ ಗಲ್ಲಾದಲ್ಲಿ, ಉಗ್ರಾಣದಲ್ಲಿ ಸಂಬಳವಿಲ್ಲದೆ ದುಡಿಯುತ್ತಾರೆ. 15 ಸಾವಿರಕ್ಕೂ ಹೆಚ್ಚು ಸದಸ್ಯರಿರುವ ಅಲ್ಲಿ ಈ ಪದ್ಧತಿ ನಿಂತಿದೆ. ಆದರೆ ಎರಡು ಕಡೆ ದುಡಿದು ರಾತ್ರಿ ಮನೆ ಸೇರುವವರಿಗೆ, ವಯಸ್ಸಾದವರಿಗೆ, ಹಸುಗೂಸಿನ ತಾಯಂದಿರಿಗೆ ವಿನಾಯಿತಿ ಹೇಗೆಂದು ಮೊದಲೇ ಬರೆದಿಡಬೇಕು. ಸರದಿ ತಪ್ಪಿಸುವವರನ್ನು ಕೇಳುವವರು ಯಾರು ಎಂಬುದೂ ತೀರ್ಮಾನವಾಗಿರಬೇಕು. ಕೂಲಿಯಿಲ್ಲದ ದುಡಿಮೆಗೆ ಸ್ಥಳೀಯ ಕಾರ್ಮಿಕ ಕಾನೂನು ಏನು ಹೇಳುತ್ತದೆ ಎಂದೂ ನೋಡಿಕೊಳ್ಳಿ.

ಇರುವ ಅಂಗಡಿಗೆ ಸೇರುವವರಿಗೆ

ಹತ್ತಿರದಲ್ಲೇ ಇಂಥ ಅಂಗಡಿ ಇದ್ದರೆ ಹೊಸದನ್ನು ಕಟ್ಟುವುದಕ್ಕಿಂತ ಅದಕ್ಕೆ ಸೇರುವುದು ಮೇಲು. ಅರ್ಜಿ ತುಂಬುವ ಮೊದಲು ಉಪವಿಧಿಯ ಪ್ರತಿ ಮತ್ತು ಕಳೆದ ವರ್ಷದ ಲೆಕ್ಕಪರಿಶೋಧನಾ ವರದಿ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಆ ಸಂಘದ ಬಗ್ಗೆ ಎರಡು ಸಲ ಯೋಚಿಸಿ. ಪ್ರವೇಶ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ, ಷೇರು ಹಣ ನಿಯಮದ ಪ್ರಕಾರ ಹಿಂದಿರುಗುತ್ತದೆ. ಎರಡಕ್ಕೂ ಬೇರೆ ಬೇರೆ ರಸೀದಿ ಇರಲಿ. ಹಣ ಕಟ್ಟಿದ ದಿನವೇ ಮತದಾನದ ಹಕ್ಕು ಬರುತ್ತದೆಯೋ ಅಥವಾ ಕಾಯಬೇಕೋ ಎಂದೂ ಕೇಳಿಕೊಳ್ಳಿ.

ಪ್ರತಿ ಖರೀದಿಯಲ್ಲೂ ನಿಮ್ಮ ಸದಸ್ಯತ್ವದ ಸಂಖ್ಯೆ ಹೇಳಿ ಬಿಲ್ ಪಡೆಯಿರಿ. ಖರೀದಿಗೆ ತಕ್ಕ ಪಾಲು ಹಂಚುವ ಸಂಘದಲ್ಲಿ ನೀವು ವರ್ಷದ ವ್ಯಾಪಾರದ ನೂರರಲ್ಲಿ ಒಂದು ಪಾಲು ಕೊಂಡಿದ್ದರೆ, ಹಂಚುವ ಮೊತ್ತದಲ್ಲೂ ನಿಮಗೆ ನೂರರಲ್ಲಿ ಒಂದು ಪಾಲು. ಮೀಸಲು ನಿಧಿಗೆ ತೆಗೆದಿಟ್ಟ ಮೇಲೆಯೇ ಹಂಚಿಕೆ, ಆದ್ದರಿಂದ ಮೊದಲ ಕೆಲವು ವರ್ಷ ಏನೂ ಬಾರದಿರಬಹುದು. ವಾರ್ಷಿಕ ಮಹಾಸಭೆಯ ತಿಳಿವಳಿಕೆ ಪತ್ರ ಕೈಸೇರಿದ ಕೂಡಲೇ ಅದರ ಜೊತೆಗಿನ ಲೆಕ್ಕಪತ್ರ ಓದಿ. ದಾಸ್ತಾನಿನಲ್ಲಿ ಕಡಿಮೆ ಬಿದ್ದದ್ದು ಎಷ್ಟು, ಬಾಕಿ ಸಾಲ ಎಷ್ಟು ಎಂಬ ಎರಡು ಸಾಲುಗಳನ್ನು ಮೊದಲು ನೋಡಿ. ಚರ್ಚೆಗೆ ವಿಷಯ ಸೇರಿಸಬೇಕಿದ್ದರೆ ಉಪವಿಧಿಯಲ್ಲಿ ಹೇಳಿದ ಗಡುವಿನೊಳಗೆ ಬರಹದಲ್ಲಿ ಕೊಡಿ, ಸ್ವೀಕೃತಿಯ ಸಹಿ ಪಡೆದಿಟ್ಟುಕೊಳ್ಳಿ.