ಮೈಸೂರು, ಮೊಸರು ಎರಡೂ ಒಂದೇ ಲಿಂಕ್: ಲ್ಯಾಪ್‌ಟಾಪಿನಲ್ಲೇ ವೆಬ್ ಆ್ಯಪ್ ಪರೀಕ್ಷಿಸಿದ ಅನುಭವ

ನಮ್ಮ ಬಡಾವಣೆಯ ವಾಚನಾಲಯಕ್ಕೆ ಪುಸ್ತಕ ಹುಡುಕುವ ಸಣ್ಣ ವೆಬ್ ಆ್ಯಪ್ ಒಂದನ್ನು ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟು) ಮಾಡಿದೆ. ಪುಸ್ತಕದ ಹೆಸರುಗಳೆಲ್ಲ ಕನ್ನಡದಲ್ಲೇ ಇವೆ. ಹಾಗಾಗಿ ಸರ್ವರ್‌ಗೆ ಏರಿಸುವ ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ, ಕನ್ನಡ ಹೆಸರುಗಳನ್ನೇ ಹಾಕಿ ಪರೀಕ್ಷೆ ಮುಗಿಸಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ.

ಸೆಟಪ್ ಕಷ್ಟವೇನಲ್ಲ. ಪೈಥಾನ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಆ್ಯಪ್‌ಗೆಂದೇ ಪ್ರತ್ಯೇಕ ಜಾಗ) ಮಾಡಿ, ಅದರೊಳಗೆ ಜಾಂಗೋ ಹಾಕಿಕೊಂಡು, ಮೈಗ್ರೇಟ್ ಮಾಡಿ (ಡೇಟಾಬೇಸ್‌ನ ಕೋಷ್ಟಕಗಳನ್ನು ಕಟ್ಟಿ) ರನ್‌ಸರ್ವರ್ (ಆ್ಯಪ್ ಓಡಿಸುವ ಆದೇಶ) ಕೊಟ್ಟರೆ, ನನ್ನದೇ ಲ್ಯಾಪ್‌ಟಾಪಿನ ವಿಳಾಸವಾದ 127.0.0.1:8000ರಲ್ಲಿ ಪುಟ ತೆರೆದುಕೊಳ್ಳುತ್ತದೆ. ಡೇಟಾಬೇಸ್ ವಿಷಯದಲ್ಲಿ ಮಾತ್ರ ನಾನು ರಾಜಿ ಆಗಲಿಲ್ಲ. ಜಾಂಗೋದಲ್ಲಿ ತಾನಾಗಿ ಬರುವುದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್, ನಮ್ಮ ಸರ್ವರ್‌ನಲ್ಲಿ ಇರುವುದು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು. 100 ಅಕ್ಷರದ ಕಾಲಮ್‌ಗೆ 150 ತುರುಕಿದರೂ ಎಸ್‌ಕ್ಯೂಲೈಟ್ ಸುಮ್ನೆ ಉಳಿಸಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಕನ್ನಡದಲ್ಲಿ ಈ ಮಿತಿ ಬೇಗ ಮುಟ್ಟುತ್ತದೆ. ‘ಮೈಸೂರು’ ನಮಗೆ ಮೂರಕ್ಷರ, ಕಂಪ್ಯೂಟರ್‌ಗೆ ಆರು. ಕಾಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ ಅಲ್ವಾ! ಅದಕ್ಕೇ ಸರ್ವರ್‌ನಲ್ಲಿರುವ ಪೋಸ್ಟ್‌ಗ್ರೆಸ್ ಆವೃತ್ತಿಯನ್ನೇ ಲ್ಯಾಪ್‌ಟಾಪಿನಲ್ಲಿ ಡಾಕರ್ (ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬಿಯಂತೆ ಓಡಿಸುವ ಸಾಧನ) ಮೂಲಕ ಓಡಿಸಿಕೊಂಡೆ.

ನಿಜವಾದ ಕೆಲಸ ಶುರುವಾಗಿದ್ದು ಲಿಂಕ್‌ಗಳಲ್ಲಿ. ಪುಸ್ತಕದ ಹೆಸರಿನಿಂದಲೇ ಲಿಂಕ್ ಮಾಡಲು ಜಾಂಗೋದಲ್ಲಿ ‘ಸ್ಲಗಿಫೈ’ ಇದೆ. ಹಾಗೇ ಬಳಸಿದರೆ ಕನ್ನಡ ಪೂರ್ತಿ ಅಳಿಸಿಹೋಗುತ್ತದೆ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ) ಇರಲಿ ಅಂತ ಸೂಚನೆ ಕೊಟ್ಟರೆ ‘ಕನ್ನಡ’ ಎಂಬುದು ‘ಕನನಡ’ ಆಗುತ್ತದೆ. ‘ಮೈಸೂರು’ ಹಾಕಿದೆ, ‘ಮಸರ’ ಬಂತು. ‘ಮೊಸರು’ ಹಾಕಿದೆ, ಅದೂ ‘ಮಸರ’! ಊರಿನ ಇತಿಹಾಸಕ್ಕೂ ಅಡುಗೆ ಪುಸ್ತಕಕ್ಕೂ ಒಂದೇ ಲಿಂಕ್. ಸ್ಲಗಿಫೈ ಬಳಸುವ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ನಮ್ಮ ಸ್ವರಚಿಹ್ನೆಗಳನ್ನೂ ಒತ್ತಕ್ಷರ ಕೂಡಿಸುವ ಚಿಹ್ನೆಯನ್ನೂ ಪದದ ಭಾಗ ಅಂತ ಎಣಿಸುವುದಿಲ್ಲ, ಅದಕ್ಕೇ ಹೀಗೆ. ಇಂಗ್ಲಿಷ್ ಹೆಸರು ಹಾಕಿ ಎಷ್ಟೇ ಪರೀಕ್ಷೆ ಮಾಡಿದರೂ ಇದು ಕಣ್ಣಿಗೇ ಬೀಳುವುದಿಲ್ಲ.

ಪ್ರತಿ ಅಕ್ಷರದ ಯೂನಿಕೋಡ್ ವರ್ಗ ನೋಡಿ, ಅಕ್ಷರ, ಚಿಹ್ನೆ, ಅಂಕಿ ಮೂರನ್ನೂ ಉಳಿಸುವ ಸಣ್ಣ ಫಂಕ್ಷನ್ ಬರೆದೆ. ಜಾಂಗೋದಲ್ಲಿ ಯುಆರ್‌ಎಲ್ (ಲಿಂಕ್‌ನ ವಿಳಾಸ) ಹೇಗಿರಬೇಕು ಅಂತ ಬರೆಯುವಾಗ ‘ಸ್ಲಗ್’ ಬದಲು ‘ಎಸ್‌ಟಿಆರ್’ ಅಂತ ಕೊಟ್ಟೆ, ಮೊದಲನೆಯದು ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್‌ಗಳನ್ನಷ್ಟೇ ಒಪ್ಪುತ್ತದೆ. ಆಮೇಲೆ ಮೈಸೂರು, ಮೊಸರು ಎರಡನ್ನೂ ಟೆಸ್ಟ್‌ಗೆ ಸೇರಿಸಿದೆ. ಜಾಂಗೋ ಟೆಸ್ಟ್ ಓಡುವಾಗ ಬೇರೆ ಡೇಟಾಬೇಸ್ ಕಟ್ಟಿ, ಮುಗಿದ ಮೇಲೆ ಅಳಿಸುತ್ತದೆ. ನಾನು ಕೂಡಿಟ್ಟ ಪಟ್ಟಿಗೆ ಅಪಾಯವಿಲ್ಲ.

ಹುಡುಕಾಟದಲ್ಲೂ ಇಂಥದ್ದೇ ಎರಡು ಸಿಕ್ಕವು. ‘ಕೊಡಗು’ ಪದದ ‘ಕೊ’ ಅಕ್ಷರದಲ್ಲಿ ಒಂದೇ ಚಿಹ್ನೆ ಇರಬಹುದು, ಇಲ್ಲವೇ ಎತ್ವ ಮತ್ತು ದೀರ್ಘ ಕೊಂಬು ಸೇರಿದ ಎರಡು ಚಿಹ್ನೆ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಡೇಟಾಬೇಸ್‌ಗೆ ಮಾತ್ರ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ಮಾಡುವ ಯೂನಿಕೋಡ್ ರೂಪ) ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಆದರೆ ‘ಸಾಫ್ಟ್‌ವೇರ್’ ಪದದ ನಡುವೆ ಕಣ್ಣಿಗೆ ಕಾಣದ ಅಕ್ಷರ ಒಂದು ಕೂತಿರುತ್ತದೆ. ವ ಒತ್ತಾಗದಂತೆ ತಡೆಯುವುದು ಅದೇ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೆಸರಿನಲ್ಲಿ ತೆಗೆದರೆ ಓದಲು ಕೆಡುತ್ತದೆ. ಹಾಗಾಗಿ ಹೆಸರನ್ನು ಇದ್ದ ಹಾಗೇ ಬಿಟ್ಟು, ಆ ಅಕ್ಷರ ತೆಗೆದ ಇನ್ನೊಂದು ರೂಪವನ್ನು ಹುಡುಕಾಟಕ್ಕೆಂದೇ ಪಕ್ಕದ ಕಾಲಮ್‌ನಲ್ಲಿ ಇಟ್ಟೆ. ಹುಡುಕುವವರು ಟೈಪ್ ಮಾಡಿದ್ದರಿಂದಲೂ ಅದನ್ನು ತೆಗೆಯುತ್ತೇನೆ.

ಕೊನೆಗೆ ಫೋನಿನಲ್ಲಿ ನೋಡಿದೆ, ಓದುಗರು ಬಳಸುವುದು ಅದನ್ನೇ. ಬೇರೆ ಸಾಧನಗಳಿಗೂ ಸಿಗುವಂತೆ ರನ್‌ಸರ್ವರ್‌ಗೆ 0.0.0.0:8000 ಕೊಟ್ಟು, ಅದೇ ವೈಫೈನಲ್ಲಿರುವ ಫೋನಿನಿಂದ ಲ್ಯಾಪ್‌ಟಾಪಿನ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಅದರ ಸಂಖ್ಯೆ) ಕೊನೆಗೆ :8000 ಸೇರಿಸಿ ತೆರೆಯಬೇಕು. ಆ ಐಪಿಯನ್ನು ಸೆಟ್ಟಿಂಗ್ಸ್‌ನ ‘ಅಲೌಡ್ ಹೋಸ್ಟ್ಸ್’ (ಆ್ಯಪ್ ಯಾವ ವಿಳಾಸಗಳಲ್ಲಿ ತೆರೆಯಬಹುದು ಎಂಬ) ಪಟ್ಟಿಗೆ ಸೇರಿಸದಿದ್ದರೆ ಜಾಂಗೋ 400 ಎರರ್ ಕೊಡುತ್ತದೆ. ಯಾವ ವಿಳಾಸವನ್ನಾದರೂ ಒಪ್ಪುವ ನಕ್ಷತ್ರ ಚಿಹ್ನೆ (*) ಹಾಕಬೇಡಿ. ಆ ಒಂದು ಐಪಿಯನ್ನಷ್ಟೇ, ಅದೂ ಲೋಕಲ್ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಮಾತ್ರ ಬರೆದುಕೊಳ್ಳಿ.