ಅರವತ್ತು ಸೀಳಿನ ಹಿತ್ತಾಳೆ ಬಿಲ್ಲೆ: ಮನೆಯಲ್ಲೇ ಎಚಿಂಗ್

ಎಂಜಿನಿಯರಿಂಗ್ ಓದುವ ಪಕ್ಕದ ಮನೆ ಹುಡುಗ ಬಂದು, "ಅಂಕಲ್, ಮೋಟರ್ ಸುತ್ತು ಎಣಿಸೋಕೆ 40 ಮಿ.ಮೀ. ಬಿಲ್ಲೆ ಬೇಕು. ಅಂಚಿನಲ್ಲಿ 60 ಸೀಳು, ಒಂದೊಂದೂ 1 ಮಿ.ಮೀ." ಅಂದ. ಪೀಣ್ಯದ ಟೂಲ್ ರೂಮಿನಲ್ಲಿ ಆಯಸ್ಸೆಲ್ಲ ಡೈ (ತಗಡು ಕತ್ತರಿಸುವ ಅಚ್ಚು) ಮಾಡಿದವನು ನಾನು. ಆದರೆ ಒಂದೇ ಬಿಲ್ಲೆಗೆ ಡೈ ಯಾರು ಮಾಡ್ತಾರೆ? 0.2 ಮಿ.ಮೀ. ಹಿತ್ತಾಳೆ ತಗಡಿಗೆ ಎಚಿಂಗೇ ಸರಿ, ಅಂದರೆ ಬೇಡದ ಲೋಹವನ್ನು ದ್ರಾವಣದಲ್ಲಿ ಕರಗಿಸೋದು. ಅಂಚಿಗೆ ಬರ್ (ಚೂಪು ಮುಳ್ಳು) ಬರೋದಿಲ್ಲ, ತಗಡು ಸೊಟ್ಟಗಾಗೋದೂ ಇಲ್ಲ.

ಕೆಲಸ ಕೆಡೋದು ಆಸಿಡ್‌ನಲ್ಲಿ ಅಂತ ಎಲ್ಲರ ಎಣಿಕೆ. ನನ್ನ ಲೆಕ್ಕದಲ್ಲಿ ಅದು ಕೆಡೋದು ಡ್ರಾಯಿಂಗಿನಲ್ಲಿ. ದ್ರಾವಣ ಕೆಳಕ್ಕೆ ಕೊರೆಯುತ್ತಾ ಪಕ್ಕಕ್ಕೂ ಕೊರೆಯುತ್ತೆ. ಎರಡೂ ಕಡೆಯಿಂದ ಕೊರೆದರೆ ಒಂದೊಂದು ಕಡೆ ಆಳ 0.1, ಪಕ್ಕಕ್ಕೆ ಸುಮಾರು ಅದರರ್ಧ, 0.05. ಸೀಳಿಗೆ ಎರಡು ಅಂಚು. ಹಾಗಾಗಿ 1 ಮಿ.ಮೀ. ಸೀಳನ್ನು 0.9 ಅಂತ ಬರೆಯಿರಿ, 40ರ ಬಿಲ್ಲೆಯನ್ನು 40.1 ಅಂತ. ತಗಡಿನ ದಪ್ಪಕ್ಕಿಂತ ಸಣ್ಣ ತೂತಿನ ಆಸೆ ಬಿಡಿ. ಬಿಲ್ಲೆ ಕಳಚಿ ತಳಕ್ಕೆ ಬೀಳದಂತೆ 0.4 ಮಿ.ಮೀ.ನ ಎರಡು ಕೊಂಡಿ ಉಳಿಸಿ.

ಡ್ರಾಯಿಂಗನ್ನು ಪಾರದರ್ಶಕ ಹಾಳೆಗೆ, ಅಂದರೆ ಫಿಲ್ಮಿಗೆ, ಪ್ರಿಂಟ್ ಮಾಡಿ. ಉಳಿಯಬೇಕಾದ ಲೋಹ ಅದರಲ್ಲಿ ಪಾರದರ್ಶಕ, ಕರಗಬೇಕಾದದ್ದು ಕಪ್ಪು. ಎರಡು ಫಿಲ್ಮ್ ಬೇಕು, ಒಂದಕ್ಕೊಂದು ಕನ್ನಡಿಬಿಂಬದಂತೆ. ಶಾಯಿಯಿರುವ ಮುಖ ತಗಡಿನ ಕಡೆಗೆ. ಎರಡನ್ನೂ ಬೆಳಕಿಗೆ ಹಿಡಿದು ಗೆರೆಗೆ ಗೆರೆ ಕೂಡಿಸಿ, ಅದೇ 0.2 ತಗಡಿನ ಪಟ್ಟಿಯೊಂದನ್ನು ಅಂಚಿನಲ್ಲಿಟ್ಟು ಟೇಪ್ ಹಾಕಿ, ಲಕೋಟೆಯ ಹಾಗೆ. ಪಟ್ಟಿ ಇಲ್ಲದೆ ಅಂಟಿಸಿದ ನನ್ನ ಮೊದಲ ಬಿಲ್ಲೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು.

ತಗಡನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ (ನಗಬೇಡಿ, ಕಿಲುಬು ತೆಗೆಯೋ ಹುಳಿ ತಾನೇ), ಆಮೇಲೆ ಪಾತ್ರೆ ಸೋಪು. ಮೇಲೆ ಹರಿದ ನೀರು ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ ಅಂತ ಅರ್ಥ. ಒಣಗಿಸಿ, ಹಳದಿ ದೀಪದಲ್ಲಿ ಡ್ರೈ ಫಿಲ್ಮಿನ (ಯುವಿ ಬೆಳಕು ತಾಗಿದರೆ ಗಟ್ಟಿಯಾಗುವ ರಕ್ಷಣಾ ಪದರ) ಒಳಪದರ ಸುಲಿದು ಎರಡೂ ಬದಿಗೆ ಅಂಟಿಸಿ, ಸುಮಾರು 110 ಡಿಗ್ರಿಯ ಲ್ಯಾಮಿನೇಟರಿನಲ್ಲಿ ತೂರಿಸಿ. ಆಮೇಲೆ ತಗಡನ್ನು ಆ ಫಿಲ್ಮ್ ಲಕೋಟೆಯೊಳಗಿಟ್ಟು ಎರಡೂ ಬದಿಗೆ ಯುವಿ ಬೆಳಕು ಬಿಡಿ. ಎಷ್ಟು ಸೆಕೆಂಡು? ನಿಮ್ಮ ದೀಪಕ್ಕೆ ನಿಮ್ಮದೇ ಲೆಕ್ಕ. ಚೂರು ತಗಡಿನ ಮೇಲೆ ರಟ್ಟನ್ನು ಹತ್ತತ್ತು ಸೆಕೆಂಡಿಗೆ ಸರಿಸುತ್ತಾ ಪರೀಕ್ಷಿಸಿ.

ಹೊರಪದರ ಸುಲಿದು, ಲೀಟರ್ ಉಗುರುಬೆಚ್ಚಗಿನ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿ ಅದರಲ್ಲಿ ಆಡಿಸಿ. ಬೆಳಕು ತಾಗದ ಜಾಗ ಕರಗಿ ಹಿತ್ತಾಳೆ ಹೊಳೆಯುತ್ತೆ.

ಹಿತ್ತಾಳೆ ಕೊರೆಯೋದು ಫೆರಿಕ್ ಕ್ಲೋರೈಡ್. ಅದನ್ನು ದ್ರಾವಣವಾಗಿಯೇ ಕೊಳ್ಳಿ. ಪುಡಿ ನೀರಿಗೆ ಬಿದ್ದರೆ ಕುದಿಯುವಷ್ಟು ಬಿಸಿಯೇಳುತ್ತೆ. ಪ್ಲಾಸ್ಟಿಕ್ ಡಬ್ಬ, ಸುತ್ತ ಬಿಸಿನೀರಿನ ಟಬ್, ಒಳಗೆ 45 ಡಿಗ್ರಿ. ತಗಡನ್ನು ಪ್ಲಾಸ್ಟಿಕ್ ದಾರದಲ್ಲಿ ತೂಗುಬಿಟ್ಟು ಮೀನಿನ ತೊಟ್ಟಿಯ ಪಂಪಿನಿಂದ ಗುಳ್ಳೆ ಬಿಡಿ. ಕನ್ನಡಕ, ಗ್ಲೌಸ್, ತೆರೆದ ಕಿಟಕಿ ಬೇಕೇ ಬೇಕು. ನನಗೆ ಕಾಲು ಗಂಟೆ ಹಿಡಿಯಿತು. ಐದು ನಿಮಿಷಕ್ಕೊಮ್ಮೆ ತೆಗೆದು, ತೊಳೆದು, ತಿರುವಿ ಹಾಕಿದೆ. ಸೀಳಿನಲ್ಲಿ ಬೆಳಕು ಕಂಡ ಮೇಲೆ ಕಣ್ಣು ತೆಗೆಯಬೇಡಿ. ಉಳಿದ ಡ್ರೈ ಫಿಲ್ಮ್ ಪದರವನ್ನು ಕಾಸ್ಟಿಕ್ ಸೋಡಾದ ತೆಳು ದ್ರಾವಣ ಸುಲಿದು ಹಾಕುತ್ತೆ. ಅಳೆದೆ: ಸೀಳು 1.03.

ಬಳಸಿದ ದ್ರಾವಣದಲ್ಲಿ ತಾಮ್ರ, ಸತು ಸೇರಿರುತ್ತೆ. ಮೋರಿಗೆ ಬೇಡ, ಪೀಣ್ಯದ ಮೋರಿ ಸೇರೋದು ವೃಷಭಾವತಿಗೆ. ಕ್ಯಾನಿನಲ್ಲಿಟ್ಟು, ಮಾಲಿನ್ಯ ಮಂಡಳಿಯ ಪರವಾನಗಿ ಇರುವವರಿಗೆ ಕೊಡಿ. ಸ್ಟೀಲ್ ಸಿಂಕಂತೂ ಬೇಡವೇ ಬೇಡ. ನಮ್ಮನೆ ಸಿಂಕಿನ ಮೂಲೆಯಲ್ಲಿ ಎರಡು ತೂತಿವೆ, ಎಂ-ಸೀಲ್ ಮೆತ್ತಿದ್ದೇನೆ.