ಪಪ್ಪನ 70ನೇ ಹುಟ್ಟುಹಬ್ಬಕ್ಕೆ ಸ್ಟೇಕ್‌ಹೌಸ್: ಹೊರಡುವ ಮುಂಚೆ ಇಷ್ಟು ಮಾಡಿಕೊಳ್ಳಿ

ಪಪ್ಪ ಮಂಗಳೂರಿನಿಂದ ಶಿಕಾಗೋಗೆ ಮೊದಲ ಸಲ ಬಂದಾಗ ಹುಟ್ಟುಹಬ್ಬದ ಊಟಕ್ಕೆ ಸ್ಟೇಕ್‌ಹೌಸ್‌ಗೆ (ದನದ ಮಾಂಸದ ದಪ್ಪ ತುಂಡು, ಅಂದರೆ ಸ್ಟೇಕ್, ಸುಟ್ಟು ಕೊಡುವ ಹೋಟೆಲ್) ಕರೆದುಕೊಂಡು ಹೋಗಿ ಕೈ ಸುಟ್ಟುಕೊಂಡಿದ್ದೆ. ತಪ್ಪು ನನ್ನದೇ. ಮೆನುವಿನಲ್ಲಿ ದುಬಾರಿ ಕಂಡದ್ದು ಫಿಲೆ ಮಿನ್ಯೋನ್ ಅನ್ನುವ ತುಂಡು, ಅದನ್ನೇ ಹೇಳಿದೆ. ಪಪ್ಪನಿಗೆ ಮಾಂಸ ಚೆನ್ನಾಗಿ ಬೇಯಬೇಕು, ಹಾಗಾಗಿ ವೆಲ್ ಡನ್ ಅಂದೆ. ಬಂದದ್ದು ತೆಂಗಿನ ನಾರಿನ ಉಂಡೆ. ಪಪ್ಪ ಏನೂ ಅನ್ನಲಿಲ್ಲ. ಎರಡು ತುಂಡು ಅಗಿದು, ಆಮೇಲೆ ಬ್ರೆಡ್ ತಿಂದುಕೊಂಡು ಕೂತರು.

ಈ ವರ್ಷ ಅವರಿಗೆ 70 ತುಂಬಿತು. ಮತ್ತೆ ಸ್ಟೇಕ್‌ಹೌಸ್‌ಗೇ ಹೋದೆವು. ಈ ಸಲ ಸರಿಹೋಯಿತು. ಊರಿಂದ ಬಂದ ಅಪ್ಪ ಅಮ್ಮನನ್ನು ಇಂಥ ಜಾಗಕ್ಕೆ ಕರೆದೊಯ್ಯುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಟೇಬಲ್. ಆಪ್‌ನಲ್ಲಿ ಬುಕ್ ಮಾಡುವಾಗ ‘ಹುಟ್ಟುಹಬ್ಬ’ ಅಂತ ಗುರುತು ಹಾಕುವ ಜಾಗ ಇರುತ್ತದೆ. ಅದನ್ನು ಹಾಕಿ, ಆದರೆ ಅಷ್ಟಕ್ಕೇ ಬಿಡಬೇಡಿ. ಒಂದು ಫೋನ್ ಮಾಡಿ. ನಾನು ಮೂರು ವಿಷಯ ಹೇಳಿದೆ: ಪಪ್ಪನಿಗೆ ಕಿವಿ ಸ್ವಲ್ಪ ಮಂದ, ಬಾರ್‌ನಿಂದ ದೂರದ ಮೂಲೆಯ ಟೇಬಲ್ ಕೊಡಿ. ಮೇಣದಬತ್ತಿ ಇರಲಿ, ಸುತ್ತ ನಿಂತು ಹಾಡುವುದು ಬೇಡ. ಒಬ್ಬರು ಸಸ್ಯಾಹಾರಿ ಇದ್ದಾರೆ. ಸಮಯ ಸಂಜೆ ಐದೂವರೆ. ಏಳು ಗಂಟೆಯ ಮೇಲೆ ಗಲಾಟೆಯಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಮನೆಯಿಂದ ಕೇಕ್ ಒಯ್ಯುವವರು ಅದನ್ನೂ ಕೇಳಿಕೊಳ್ಳಿ. ಕೇಕ್ ಕತ್ತರಿಸಿ ಕೊಡಲು ತಲೆಗೆ ಇಷ್ಟು ಅಂತ ದುಡ್ಡು ಹಾಕುವ ಜಾಗಗಳಿವೆ. ನಮ್ಮದೇ ವೈನ್ ಒಯ್ದರೂ ಅಷ್ಟೇ.

ಮೆನುವನ್ನು ಮನೆಯಲ್ಲೇ ಫೋನ್‌ನಲ್ಲಿ ತೆಗೆದು ಓದಿಸಿಬಿಡಿ. ಅಲ್ಲಿ ಬೆಳಕು ತೀರಾ ಕಮ್ಮಿ, ಅಕ್ಷರ ಸಣ್ಣದು. ಹಿಂದಿನ ಸಲ ಪಪ್ಪ ಮೊಬೈಲ್ ಟಾರ್ಚ್ ಹಾಕಿ ಮೆನು ಓದಿದ್ದರು, ಇಡೀ ಹಾಲ್ ತಿರುಗಿ ನೋಡಿತ್ತು. ಬಟ್ಟೆ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಲರ್ ಇರುವ ಶರ್ಟ್, ಪ್ಯಾಂಟ್, ಶೂ ಸಾಕು. ಮಮ್ಮಿ ಸೀರೆಯಲ್ಲೇ ಬಂದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಕಂಡದ್ದು ಅವರೇ.

ಈಗ ಮಾಂಸದ ವಿಷಯ. ಇದಕ್ಕೆ ಸ್ವಲ್ಪ ಸಮಯ ಕೊಡಿ.

ಶಿಕಾಗೋಗೂ ದನದ ಮಾಂಸಕ್ಕೂ ಹಳೆಯ ನಂಟು. 1865ರಿಂದ 1971ರವರೆಗೆ ಇಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಅಂತ ದೊಡ್ಡ ಜಾನುವಾರು ಸಂತೆ ಇತ್ತು. ಜೀನ್ ಅಂಡ್ ಜಾರ್ಜೆಟ್ಟಿಯಂಥ ಸ್ಟೇಕ್‌ಹೌಸ್ 1941ರಿಂದ ನಡೆಯುತ್ತಿದೆ. ಗಿಬ್ಸನ್ಸ್ ಅನ್ನುವ ಇನ್ನೊಂದು ಸ್ಟೇಕ್‌ಹೌಸ್‌ನಲ್ಲಿ ಹಸಿ ಮಾಂಸದ ತುಂಡುಗಳನ್ನು ಟ್ರೇಯಲ್ಲಿಟ್ಟು ಟೇಬಲ್‌ಗೇ ತಂದು ತೋರಿಸುತ್ತಾರೆ. ನಾವು ಹೋದ ಜಾಗದಲ್ಲೂ ತಂದರು. ಅದುವರೆಗೆ ಕೈಕಟ್ಟಿ ಕೂತಿದ್ದ ಪಪ್ಪ ಎದ್ದೇ ನಿಂತರು. ಕನ್ನಡಕ ಹಣೆಗೇರಿಸಿ, ಮಾರ್ಕೆಟ್‌ನಲ್ಲಿ ಬಗ್ಗಿ ನೋಡುವ ಹಾಗೆ ನೋಡಿದರು. ರಿಬ್‌ಐ, ಅಂದರೆ ಪಕ್ಕೆಲುಬಿನ ಭಾಗದ ತುಂಡಿನ ತುಂಬ ಬಿಳಿ ಎಳೆಗಳು. “ಇಷ್ಟೊಂದು ನೆಣ ಯಾಕೆ? ಮೋಸ ಅಲ್ವಾ?” ಅಂತ ನನ್ನನ್ನು ಕೇಳಿದರು. ಮೋಸ ಅಲ್ಲ ಪಪ್ಪ, ದುಡ್ಡು ಕೊಡುವುದೇ ಅದಕ್ಕೆ ಅಂದೆ. ಆ ಎಳೆಗಳು ಜಾಸ್ತಿ ಇದ್ದಷ್ಟೂ ದರ್ಜೆ ಮೇಲೆ. ಇಲ್ಲಿನ ಸರ್ಕಾರಿ ದರ್ಜೆಯಲ್ಲಿ ಪ್ರೈಮ್ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಚಾಯ್ಸ್, ಆಮೇಲೆ ಸೆಲೆಕ್ಟ್.

ಆರ್ಡರ್ ಮಾಡುವಾಗ ನೆನಪಿಡಬೇಕಾದ್ದೂ ಈ ನೆಣವೇ. ಫಿಲೆ ಮಿನ್ಯೋನ್ ಬೆನ್ನಿನ ಒಳಗಿನ, ಹೆಚ್ಚು ಕೆಲಸ ಮಾಡದ ಸ್ನಾಯು. ಮೆತ್ತಗಿರುತ್ತದೆ, ಆದರೆ ನೆಣ ಕಮ್ಮಿ. ಜಾಸ್ತಿ ಬೇಯಿಸಿದರೆ ಒಣಗಿಹೋಗುತ್ತದೆ. ರಿಬ್‌ಐ ಹಾಗಲ್ಲ. ಅದರ ನೆಣ ಕರಗಿ ಮಾಂಸವನ್ನು ಒದ್ದೆಯಾಗಿ ಇಡುತ್ತದೆ. ಹಾಗಾಗಿ ಚೆನ್ನಾಗಿ ಬೆಂದದ್ದೇ ಬೇಕು ಅನ್ನುವವರಿಗೆ ರಿಬ್‌ಐ ಹೇಳಿ. ಸೊಂಟದ ಭಾಗದ ನ್ಯೂಯಾರ್ಕ್ ಸ್ಟ್ರಿಪ್ ಇವೆರಡರ ನಡುವೆ. ಪೋರ್ಟರ್‌ಹೌಸ್ ಅಂದರೆ ಟಿ ಆಕಾರದ ಮೂಳೆಯ ಒಂದು ಕಡೆ ಸ್ಟ್ರಿಪ್, ಇನ್ನೊಂದು ಕಡೆ ಫಿಲೆ. ಅದನ್ನು ಪಪ್ಪನ ಜೊತೆ ಹಂಚಿಕೊಳ್ಳೋಣ ಅಂತಿದ್ದೆ. “ಒಂದೇ ತುಂಡನ್ನು ಇಬ್ಬರಿಗೆ ಎರಡು ಹದದಲ್ಲಿ ಬೇಯಿಸಲು ಆಗುವುದಿಲ್ಲ” ಅಂತ ವೇಟರ್ ಮೆಲ್ಲಗೆ ತಡೆದ. ಒಳ್ಳೆಯ ಮನುಷ್ಯ.

ಹದ ಅಂದರೆ ಒಳಗಿನ ಬಿಸಿಯ ಲೆಕ್ಕ. ಮೀಡಿಯಂ ರೇರ್ ಸುಮಾರು 130ರಿಂದ 135 ಡಿಗ್ರಿ ಫ್ಯಾರನ್‌ಹೀಟ್, ಮೀಡಿಯಂ 140ರ ಆಸುಪಾಸು, 160 ದಾಟಿದರೆ ವೆಲ್ ಡನ್. ಇಲ್ಲಿನ ಕೃಷಿ ಇಲಾಖೆ ಹೇಳುವುದು 145 ಡಿಗ್ರಿ, ಆಮೇಲೆ ಮೂರು ನಿಮಿಷ ಹಾಗೇ ಬಿಡಿ ಅಂತ. ವಯಸ್ಸಾದವರಿಗೆ ನಾನು ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಪಪ್ಪನಿಗೆ ಮೀಡಿಯಂಗೂ ವೆಲ್ ಡನ್‌ಗೂ ನಡುವಿನ ಮೀಡಿಯಂ ವೆಲ್ ಹೇಳಿದೆ. ತಟ್ಟೆ ಬಂದ ಕೂಡಲೇ ಮಧ್ಯಕ್ಕೆ ಕತ್ತರಿಸಿ ನೋಡಿ ಅಂತ ವೇಟರ್ ತಾನೇ ಹೇಳುತ್ತಾನೆ. ನೋಡಿ, ಸಂಕೋಚ ಬೇಡ. ಸಾಲದಿದ್ದರೆ ಮತ್ತೆ ಬೇಯಿಸಿ ತರುತ್ತಾರೆ. ಜಾಸ್ತಿ ಬೆಂದುಬಿಟ್ಟರೆ ಹಿಂದಕ್ಕೆ ತರುವ ದಾರಿ ಇಲ್ಲ.

ನನ್ನ ತಟ್ಟೆಯಲ್ಲಿ ಕೆಂಪು ನೀರು ನಿಂತದ್ದು ನೋಡಿ ಮಮ್ಮಿ ಮುಖ ತಿರುಗಿಸಿದರು. ಅದು ರಕ್ತ ಅಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಬೆರೆತ ನೀರು. ಹೇಳಿ ನೋಡಿದೆ, ನಂಬಲಿಲ್ಲ. ಬ್ರೆಡ್ ಬುಟ್ಟಿಯನ್ನು ನಮ್ಮಿಬ್ಬರ ಮಧ್ಯೆ ಅಡ್ಡ ಇಟ್ಟೆ, ಸಮಸ್ಯೆ ಮುಗಿಯಿತು.

ನನ್ನ ಹೆಂಡತಿ ಮೈಸೂರಿನವಳು, ಮಾಂಸ ಮೀನು ಮುಟ್ಟುವುದಿಲ್ಲ. ಕೇಕ್‌ನಲ್ಲಿರುವ ಮೊಟ್ಟೆ ಮಾತ್ರ ಲೆಕ್ಕಕ್ಕಿಲ್ಲವಂತೆ. ಇಂಥವರು ಸೈಡ್ಸ್‌ನಲ್ಲೇ, ಅಂದರೆ ಸ್ಟೇಕ್ ಜೊತೆ ನೆಂಚಿಕೊಳ್ಳಲು ಬೇರೆಯಾಗಿ ತರಿಸುವ ತಿನಿಸುಗಳಲ್ಲೇ, ಹೊಟ್ಟೆ ತುಂಬಿಸಿಕೊಳ್ಳಬಹುದು. ಬೇಯಿಸಿದ ಆಲೂಗಡ್ಡೆ, ಕೆನೆ ಹಾಕಿದ ಪಾಲಕ್, ಅಣಬೆ, ಎಲ್ಲ ದೊಡ್ಡ ಬಟ್ಟಲಲ್ಲಿ ಬರುತ್ತವೆ. ಆದರೆ ಒಂದೊಂದನ್ನೂ ಕೇಳಿ. ವೆಜ್ ಸಲಾಡ್ ಅಂತ ಕಿವಿಗೆ ಬಿದ್ದದ್ದು ವಾಸ್ತವದಲ್ಲಿ ‘ವೆಡ್ಜ್’ (ಲೆಟ್ಯೂಸ್ ಸೊಪ್ಪಿನ ದೊಡ್ಡ ಹೋಳು), ಅದರ ಮೇಲೆ ಹಂದಿಯ ಬೇಕನ್ ಉದುರಿಸಿರುತ್ತಾರೆ. ಸೀಸರ್ ಸಲಾಡ್‌ನ ಡ್ರೆಸಿಂಗ್‌ನಲ್ಲಿ ಸಣ್ಣ ಮೀನು ಇರುತ್ತದೆ. ಈರುಳ್ಳಿ ಸೂಪ್ ಸಾಮಾನ್ಯವಾಗಿ ದನದ ಮೂಳೆಯ ಸಾರಿನದ್ದು. ಫ್ರೈಸನ್ನು ದನದ ಕೊಬ್ಬಿನಲ್ಲಿ ಕರಿಯುವ ಕಡೆಗಳೂ ಇವೆ.

ಕೂತ ಕೂಡಲೇ ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್’ ಅಂತ ಕೇಳುತ್ತಾರೆ, ಅಂದರೆ ಸಾದಾ ನೀರೋ ಗುಳ್ಳೆ ಏಳುವ ನೀರೋ ಅಂತ. ಎರಡೂ ಬಾಟಲಿ ನೀರು, ಬಿಲ್‌ಗೆ ಸೇರುತ್ತದೆ. ಟ್ಯಾಪ್ ವಾಟರ್ ಅನ್ನಿ. ಇವತ್ತಿನ ಸ್ಪೆಷಲ್ ಅಂತ ಬಾಯಲ್ಲಿ ಒಪ್ಪಿಸುವಾಗ ಬೆಲೆ ಹೇಳುವುದಿಲ್ಲ, ಕೇಳಿಬಿಡಿ.

ನಮ್ಮ ಲೆಕ್ಕ ಹೀಗಿತ್ತು. ಮೂರು ಸ್ಟೇಕ್ 200 ಡಾಲರ್, ಸೈಡ್ಸ್ 45, ಬೇಕನ್ ಇಲ್ಲದ ಸಲಾಡ್ 16, ಎರಡು ಗ್ಲಾಸ್ ವೈನ್ 36, ಕ್ಯಾರೆಟ್ ಕೇಕ್ 18. ಒಟ್ಟು 315. ತೆರಿಗೆ 37. ಟಿಪ್ 20 ಪರ್ಸೆಂಟ್, ಅಂದರೆ 63. ಎಲ್ಲ ಸೇರಿ 415 ಡಾಲರ್. ಬಿಲ್ ಟೇಬಲ್ ಮೇಲೆ ಬಂದರೆ ಪಪ್ಪ ರೂಪಾಯಿಗೆ ಗುಣಿಸುತ್ತಾರೆ, ಆಮೇಲೆ ನಿದ್ದೆ ಮಾಡುವುದಿಲ್ಲ. ಅದಕ್ಕೆ ಒಳಗೆ ಬಂದಾಗಲೇ ಕಾರ್ಡ್ ಕೊಟ್ಟು, ಬಿಲ್ ತರಬೇಡಿ, ನಾನೇ ಬರುತ್ತೇನೆ ಅಂದಿದ್ದೆ. ಕೈ ತೊಳೆಯಲು ಹೋದ ಹಾಗೆ ಎದ್ದು ಹೋಗಿ ಸಹಿ ಮಾಡಿ ಬಂದೆ. ಅಷ್ಟರಲ್ಲಿ ಪಪ್ಪ ಮೇಣದಬತ್ತಿ ಊದಿ ಆಗಿತ್ತು! ಕಾಯಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ವೇಟರ್ ಇನ್ನೊಂದು ಸಲ ಹಚ್ಚಿಕೊಟ್ಟ.

ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಳ್ಳಿ, ಮೂಳೆ ಸಮೇತ. ಮನೆಗೆ ಬಂದ ತಕ್ಷಣ ಫ್ರಿಜ್‌ನಲ್ಲಿಡಿ. ಮೈಕ್ರೋವೇವ್‌ಗೆ ಮಾತ್ರ ಇಡಬೇಡಿ, ರಬ್ಬರ್ ಆಗುತ್ತದೆ. ತಣ್ಣಗಿರುವಾಗಲೇ ತೆಳ್ಳಗೆ ಕತ್ತರಿಸಿ. ಮಮ್ಮಿ ಮಾರನೇ ದಿನ ಬಾಣಲೆಯಲ್ಲಿ ಈರುಳ್ಳಿ, ಹಸಿಮೆಣಸು, ಶುಂಠಿ ಬಾಡಿಸಿ, ಊರಿಂದ ತಂದ ಬಫಾತ್ ಪುಡಿ (ನಮ್ಮ ಮಂಗಳೂರು ಕಡೆಯ ಮಸಾಲೆ) ಒಂದು ಚಮಚ ಹಾಕಿ, ಚೂರು ವಿನೆಗರ್ ಚಿಮುಕಿಸಿ, ಕೊನೆಗೆ ಮಾಂಸ ಸೇರಿಸಿ ಹೊಗೆಯಾಡುವ ತನಕ ಮಗುಚಿದರು. ಪಪ್ಪ ಮೂರು ಚಪಾತಿ ತಿಂದರು. ಈಗ ಬೆಂದಿದೆ ನೋಡು ಅಂತ ನನಗೆ ತಟ್ಟೆ ತೋರಿಸಿದರು.